ಆಪರೇಷನ್ ಕೋಣೆಯ ಹೊರಗೆ

ನಾನು ಅರಿವಳಿಕೆ ತಜ್ಞೆಯಾಗಿದ್ದೆ. ನಮ್ಮ ಕಡೆ ಆ ಮಾತು ಯಾರ ಬಾಯಲ್ಲೂ ಹೊರಳುವುದಿಲ್ಲ. ‘ಭೂಲ ಕೊಡೋ ಬಾಯಾರು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮನೆ ಬೈಲಹೊಂಗಲದಲ್ಲಿ, ಆದರೆ ನನ್ನದೇ ಅನ್ನುವ ದವಾಖಾನೆ ಇರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಊರುಗಳ ಸಣ್ಣ ಸಣ್ಣ ದವಾಖಾನೆಗಳಲ್ಲಿ ಎಲ್ಲಿ ಆಪರೇಷನ್ ಇದ್ದರೂ ನನಗೆ ಫೋನ್ ಬರುತ್ತಿತ್ತು. ಫೋನ್ ಬಂದರೆ ಕಾರು ಹತ್ತುವುದು. ಕಾರು ಓಡಿಸುತ್ತಿದ್ದವರು ನಮ್ಮ ಓಣಿಯ ಒಬ್ಬ ಚಾಚಾ. ನಾನು ಹಿಂದಿನ ಸೀಟಿನಲ್ಲಿ ಕುಳಿತು ಊಟ ಮಾಡಿದ್ದೇನೆ, ತಲೆ ಬಾಚಿಕೊಂಡಿದ್ದೇನೆ, ಮಗಳ ಜ್ವರದ ಸುದ್ದಿಯನ್ನೂ ಅಲ್ಲಿಂದಲೇ ಕೇಳಿದ್ದೇನೆ.

ಆ ಕೆಲಸ ನನಗೆ ಬಹಳ ಇಷ್ಟವಿತ್ತು. ಹೆರಿಗೆಯ ಆಪರೇಷನ್ನಿನಲ್ಲಿ ಬೆನ್ನಿಗೆ ಸೂಜಿ ಕೊಟ್ಟರೆ ಸೊಂಟದ ಕೆಳಗಷ್ಟೇ ಅರಿವಿರುವುದಿಲ್ಲ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಸರ್ಜನ್ ಪರದೆಯ ಆಚೆ, ನಾನು ಈಚೆ, ಆಕೆಯ ತಲೆಯ ಹತ್ತಿರ. ಹೆದರಿದ ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಯಾವ ಊರು, ತವರುಮನೆ ಎಲ್ಲಿ, ನಾದಿನಿ ಜಗಳಗಂಟಿಯೋ ಹೇಗೆ ಎಂದು ಮಾತಿಗೆಳೆಯುತ್ತಿದ್ದೆ. ಮಾತಿನ ನಡುವೆಯೇ ಕೂಸು ಅತ್ತುಬಿಡುತ್ತಿತ್ತು.

ಆ ಇಷ್ಟ ಯಾವಾಗ ಕರಗಿತು ಎಂದು ನನಗೆ ಹೇಳಲು ಬರುವುದಿಲ್ಲ. ಕುಕ್ಕರಿನ ಸೀಟಿ ಕೇಳಿದರೂ ಫೋನ್ ಎಂದು ಎದ್ದು ಓಡುತ್ತಿದ್ದೆ. ತಮ್ಮನ ಮಗಳ ಮದುವೆಯಲ್ಲಿ ಅಕ್ಷತೆ ಬೀಳುವವರೆಗೂ ಕಾರಿನ ಕಡೆಗೇ ಮುಖ ಮಾಡಿ ನಿಂತಿದ್ದೆ. ಮನೆಯಲ್ಲಿ ಯಾರಾದರೂ ಏನಾದರೂ ಹೇಳಿದರೆ ತುಟಿ ಅಲುಗಾಡುವುದು ಕಾಣುತ್ತಿತ್ತು, ಮಾತು ಒಳಗೆ ಇಳಿಯುತ್ತಿರಲಿಲ್ಲ.

ಅದು ಗುಡ್ಡದ ಜಾತ್ರೆಯ ಹುಣ್ಣಿಮೆಯ ಹತ್ತಿರದ ದಿನ. ಸವದತ್ತಿಯ ರಸ್ತೆಯ ತುಂಬ ಚಕ್ಕಡಿ, ಟ್ರ್ಯಾಕ್ಟರು. ದವಾಖಾನೆ ಮುಟ್ಟುವಷ್ಟರಲ್ಲೇ ನನಗೆ ಸಾಕಾಗಿತ್ತು. ಹೆರಿಗೆ ಸುಸೂತ್ರವಾಗಿ ಆಯಿತು. ಕೂಸು ಗಟ್ಟಿಯಾಗಿ ಅತ್ತಿತು. ತಾಯಿ ನನ್ನ ಕಡೆ ಕಣ್ಣು ಹೊರಳಿಸಿ, “ಏನ್ ಕೂಸ್ರಿ ಬಾಯಾರ?” ಎಂದು ಕೇಳಿದಳು. ಹೆಣ್ಣು ಎಂದು ನನಗೆ ಕಾಣುತ್ತಿತ್ತು. ಆದರೆ ಹೇಳಬೇಕು ಅನ್ನಿಸಲಿಲ್ಲ. ಸಂತೋಷವಿಲ್ಲ, ಬೇಸರವೂ ಇಲ್ಲ, ಏನೂ ಇಲ್ಲ. ಕೊನೆಗೆ ನರ್ಸ್ ಹೇಳಿದಳು.

ಅಲ್ಲಿಂದ ರಾಮದುರ್ಗಕ್ಕೆ ಹೋಗಬೇಕಿತ್ತು. ಚಾಚಾ ದವಾಖಾನೆಯ ಮುಂದೆ ಕಾರು ನಿಲ್ಲಿಸಿ ಬಾಗಿಲು ತೆರೆದರು. ನಾನು ಇಳಿಯಲಿಲ್ಲ. ಕಾಲು ಸರಿಯಾಗಿಯೇ ಇದ್ದವು, ಇಳಿಯಲು ಮಾತ್ರ ಆಗಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮುಂದಿನ ಸೀಟಿಗೆ ಬಂದು ಕುಳಿತರು. ತಿರುಗಿ ನೋಡದೆಯೇ ಕೇಳಿದರು.

“ಬಾಯಾರ, ಮನಿಗೆ ಹೋಗೂಣೇನ್ರಿ?”

“ಹೂಂ” ಎಂದೆ.

ಸರ್ಜನ್ನರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವತ್ತಿನದು ಮೂಲವ್ಯಾಧಿಯ ಆಪರೇಷನ್, ಅವಸರದ್ದಲ್ಲ. ಅವರು ಮರುದಿನಕ್ಕೆ ಧಾರವಾಡದಿಂದ ಬೇರೆಯವರನ್ನು ಕರೆಸಿಕೊಂಡರು. ನನ್ನ ಕೈಯಿಂದ ಯಾರಿಗೂ ಏನೂ ಕೇಡಾಗಲಿಲ್ಲ. ಆ ದಿನಗಳಲ್ಲಿ ನನಗಿದ್ದ ಸಮಾಧಾನ ಅದೊಂದೇ.

ಧಾರವಾಡದಲ್ಲಿ ಒಬ್ಬ ಮನೋವೈದ್ಯೆಯನ್ನು ಕಂಡೆ. ಆಕೆ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿ, “ನಿಮ್ಮಲ್ಲಿ ಇದ್ದದ್ದೆಲ್ಲಾ ಖರ್ಚಾಗೇತ್ರಿ. ಮೊದಲ ಚೆಂದಂಗ ವಿಶ್ರಾಂತಿ ತಗೋರಿ. ವಾಪಸ್ ಹೋಗಬೇಕೋ ಬ್ಯಾಡೋ ಅನ್ನೂದು ಆಮ್ಯಾಲ” ಎಂದರು. ವಿಶ್ರಾಂತಿ ತೆಗೆದುಕೊಂಡೆ. ಮೊದಮೊದಲು ಬರೀ ಮಲಗುತ್ತಿದ್ದೆ. ಆಮೇಲೆ ಹಸಿವು ಬಂತು, ಬಿಸಿ ರೊಟ್ಟಿಯ ರುಚಿ ಬಂತು, ಮಗಳ ಕಾಲೇಜಿನ ಸುದ್ದಿಯಲ್ಲಿ ನಗು ಬಂತು. ಆದರೆ ಆಪರೇಷನ್ ಕೋಣೆಯ ನೆನಪಾದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ, ಇನ್ನು ಹೋಗುವುದಿಲ್ಲ ಎಂದು ತೀರ್ಮಾನಿಸಿದೆ.

ಬಿಡುವುದಕ್ಕಿಂತ ಬಿಟ್ಟಿದ್ದೇನೆ ಎಂದು ಹೇಳುವುದು ಕಷ್ಟವಾಯಿತು. ಬಜಾರದಲ್ಲಿ ಪರಿಚಯದವರು, “ಈಗ ಎಲ್ಲಿ ಡ್ಯೂಟಿರಿ ಬಾಯಾರ?” ಎಂದರೆ, “ರಜಾ ತಗೊಂಡೇನ್ರಿ” ಎಂದು ತರಕಾರಿ ಚೀಲ ಎತ್ತಿಕೊಂಡು ಬಂದುಬಿಡುತ್ತಿದ್ದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಒಂದು ಸಂಜೆ ಅಡುಗೆಮನೆಯಲ್ಲಿ ಬಳ್ಳುಳ್ಳಿ ಸುಲಿಯುತ್ತ ಕುಳಿತವರು ಹೇಳಿದರು.

“ಎಷ್ಟ ದಿನಾ ರಜಾ ಅಂತೀ? ಬಿಟ್ಟೇನಿ ಅಂತ ನನಗ ಒಮ್ಮೆ ಹೇಳಿ ನೋಡು.”

“ನಿಮಗ ಗೊತ್ತೈತೆಲ್ರೀ.”

“ಗೊತ್ತಿದ್ರೂ ಹೇಳು. ಬಾಯಿಗೆ ರೂಢಿ ಆಗ್ಲಿ.”

“ಬಿಟ್ಟೇನಿ” ಎಂದೆ. ಅವರು ಇನ್ನೊಂದು ಗಡ್ಡೆ ಬಳ್ಳುಳ್ಳಿ ಕೈಗೆತ್ತಿಕೊಂಡು, “ಇನ್ನೊಮ್ಮೆ” ಎಂದರು, ತರಗತಿಯಲ್ಲಿ ಮಗ್ಗಿ ಹೇಳಿಸುವವರ ಹಾಗೆ. ಹೇಳುತ್ತ ಹೇಳುತ್ತ ಅಳು ಬಂತು, ಆಮೇಲೆ ಇಬ್ಬರಿಗೂ ನಗು ಬಂತು.

ಅಪ್ಪನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಅಪ್ಪ ದೊಡವಾಡದಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾನೆ. ಹೊಲದ ಕೆಲಸ ತಮ್ಮನದು, ಎಮ್ಮೆಗಳ ಕಾರಭಾರ ಅಪ್ಪನದು. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಹೊಸಬರು ಸಿಕ್ಕರೂ ಸಾಕು, ಮಗಳು ಡಾಕ್ಟರ್ ಎಂಬ ಮಾತನ್ನು ಬಸ್ಸು ಬರುವುದರೊಳಗೆ ಹೇಳಿ ಮುಗಿಸಿರುತ್ತಿದ್ದ. ನಾನು ಹೋದಾಗ ಎಮ್ಮೆಯ ಮೈ ತೊಳೆಯುತ್ತಿದ್ದ. ಅಲ್ಲೇ ನಿಂತು ಹೇಳಿದೆ.

“ಯಾಕ ತಂಗಿ, ಏನರ ತಪ್ಪಾತೇನು?”

“ಇಲ್ಲಪ್ಪಾ. ತಪ್ಪೇನೂ ಆಗಿಲ್ಲ. ನನಗ ಸಾಕಾಗೇತಿ.”

ಅಪ್ಪ ಎಮ್ಮೆಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ನಿಂತ. “ಹಂಗಾರ ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?” ಎಂದ.

ಆ ಮಾತು ನನಗೆ ನಾಟಿತು. ಮಂದಿಗೆ ಏನು ಹೇಳಬೇಕೆಂಬ ಚಿಂತೆ ನನ್ನನ್ನೂ ತಿನ್ನುತ್ತಿದ್ದರಿಂದಲೇ ಹೆಚ್ಚು ನಾಟಿತೋ ಏನೋ. ತಮ್ಮನ ಹೆಂಡತಿ ಕೊಟ್ಟ ಚಹಾ ಕುಡಿದು ಬಂದೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ಅಪ್ಪ ಎಮ್ಮೆ ಈದದ್ದು, ಕಡಲೆಗೆ ಹುಳ ಬಿದ್ದದ್ದು ಹೇಳಿ ಇಟ್ಟುಬಿಡುತ್ತಿದ್ದ. ಒಂದು ದಿನ ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಮನೆಗೆ ಬಂದು, ಮೆಂತ್ಯೆ ಸೊಪ್ಪು, ಬದನೆಕಾಯಿ ತುಂಬಿದ ಚೀಲ ಇಳಿಸಿ, ಊಟ ಮಾಡಿ ಹೋದ. ಆ ವಿಷಯ ಎತ್ತಲಿಲ್ಲ.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ರಾಮದುರ್ಗದ ಅದೇ ಸರ್ಜನ್ನರ ಫೋನ್ ಬಂತು. ಹೆರಿಗೆಯ ಕೇಸು. ಭೂಲ ಕೊಡಲು ಬರುತ್ತಿದ್ದ ಡಾಕ್ಟರು ಬೇರೆ ಕಡೆ ಸಿಕ್ಕಿಹಾಕಿಕೊಂಡಿದ್ದಾರೆ. “ಇದೊಂದ ಕೇಸ್ ಬರ್ರಿ ಮೇಡಂ” ಎಂದರು. ನನ್ನ ಕೈ ತಾನಾಗಿಯೇ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತ್ತು.

“ನಾ ಬಿಟ್ಟೇನ್ರಿ ಸರ್. ಬೈಲಹೊಂಗಲಕ್ಕ ಭೂಲ ಕೊಡೋ ಒಬ್ಬಾಕಿ ಹೊಸ ಡಾಕ್ಟರ್ ಬಂದಾಳಂತ. ಆಕೀನ್ನ ಕೇಳಿ ನೋಡ್ರಿ” ಎಂದೆ.

ಅವರು “ಆತ್ರಿ” ಎಂದು ಇಟ್ಟರು.

ಆ ಮಧ್ಯಾಹ್ನವನ್ನು ಕಳೆದದ್ದು ಹೇಗೆಂದು ಹೇಳಲಾರೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆ ತಾಯಿಗೆ ಏನಾದರೂ ಆದರೆ ಎಂದು ದೇವರ ಕೋಣೆಗೂ ಬಾಗಿಲಿಗೂ ಅಡ್ಡಾಡಿದೆ. ಸಂಜೆ ಅವರೇ ಫೋನ್ ಮಾಡಿದರು. ತಾಯಿ, ಕೂಸು ಇಬ್ಬರೂ ಆರಾಮ. “ನೀವು ಹೇಳಿದಾಕಿ ಲಗೂನ ಬಂದ್ಲು. ಭಾಳ ಛಲೋ ಕೆಲಸಾ ಮಾಡ್ತಾಳ್ರಿ ಹುಡುಗಿ” ಎಂದು ಹೊಗಳಿದರು.

ಜೀವ ಹಗುರಾಯಿತು. ಅದರ ಬೆನ್ನಿಗೇ ಎದೆಯಲ್ಲಿ ಏನೋ ಚುಚ್ಚಿತು. ಗಂಡನಿಗೆ ಹೇಳಿದೆ.

“ಹೊಟ್ಟಿಕಿಚ್ಚೇನು?” ಎಂದರು.

“ಹೂನ್ರೀ, ಅದ ಇರಬೇಕು.”

ನಾನಿಲ್ಲದಿದ್ದರೆ ಈ ಊರುಗಳಲ್ಲಿ ಆಪರೇಷನ್ನುಗಳೇ ನಿಂತುಹೋಗುತ್ತವೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆಯೇ ನನ್ನನ್ನು ಓಡಿಸುತ್ತಿತ್ತು. ಅದು ಸುಳ್ಳೆಂದು ತಿಳಿದಾಗ ಕೆಲವು ದಿನ ಸಪ್ಪಗಿದ್ದೆ. ಆಮೇಲೆ ಮಧ್ಯಾಹ್ನದ ಹೊತ್ತು ಫೋನನ್ನು ಒಳಕೋಣೆಯಲ್ಲೇ ಬಿಟ್ಟು ಪಡಸಾಲೆಯಲ್ಲಿ ಕೂರುವುದು ಸಾಧ್ಯವಾಯಿತು.

ಚಾಚಾ ಅಷ್ಟರಲ್ಲಿ ಒಂದು ಶಾಲೆಯ ಬಸ್ಸು ಓಡಿಸಲು ಸೇರಿದ್ದರು. ನಮ್ಮ ಕಾರು ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. “ಅದನ್ನ ಮಾರಬ್ಯಾಡ್ರಿ, ನಾ ಕಲಸ್ತೇನಿ” ಎಂದು ರವಿವಾರದ ಬೆಳಿಗ್ಗೆ ಬರತೊಡಗಿದರು. ಸಿರಸಂಗಿಯ ಕಡೆ ಹೋಗುವ ರಸ್ತೆ ಖಾಲಿ ಇರುತ್ತದೆಂದು ಅಲ್ಲಿಯವರೆಗೂ ಅವರೇ ಓಡಿಸಿ, ಅಲ್ಲಿ ನನ್ನ ಕೈಗೆ ಕೊಡುತ್ತಿದ್ದರು. ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಇಳಿಸುವಾಗ ನಡುಗದ ಕೈ ಗೇರು ಹಾಕುವಾಗ ಬೆವರುತ್ತಿತ್ತು. ಕಾರು ಜಿಗಿದು ಜಿಗಿದು ಬಂದ್ ಬೀಳುತ್ತಿತ್ತು.

“ಸಾವಕಾಶ ಬಾಯಾರ. ಯಾರೂ ದಾರಿ ಕಾಯಾಕತ್ತಿಲ್ಲ” ಎನ್ನುತ್ತಿದ್ದರು ಚಾಚಾ.

ಈ ರಸ್ತೆಗಳಲ್ಲಿ ಎಷ್ಟು ಸಲ ಹೋಗಿಬಂದಿದ್ದೆನೋ. ಆದರೂ ಕಪ್ಪು ಮಣ್ಣಿನ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು, ಬಿಳಿಜೋಳದ ನಡುವೆ ಸಾಲು ಹಿಡಿದ ಕುಸುಬೆಯನ್ನು ಆಗಲೇ ನೋಡಿದ್ದು. ಚಳಿಗಾಲದ ಹೊತ್ತಿಗೆ ಬಜಾರದ ಗದ್ದಲದಲ್ಲಿಯೂ ಓಡಿಸಲು ಬಂತು.

ಅಪ್ಪನಿಗೆ ಹರ್ನಿಯಾ ಆಗಿರುವುದು ತಮ್ಮನಿಂದ ಗೊತ್ತಾಯಿತು. ಯಾರಿಗೂ ಹೇಳದೆ ಪಂಚೆ ಬಿಗಿದು ಕಟ್ಟಿಕೊಂಡು ಎಮ್ಮೆಯ ಹಾಲು ಕರೆಯುತ್ತಿದ್ದನಂತೆ. ಬೈಲಹೊಂಗಲದಲ್ಲೇ ಆಪರೇಷನ್ ಮಾಡಿಸುವುದೆಂದು ಆಯಿತು. ಆಪರೇಷನ್ನಿನ ದಿನ ಮುಂಜಾನೆ ತಮ್ಮ ಕರೆತಂದ ಅಪ್ಪ ದವಾಖಾನೆಯ ಮಂಚದ ಮೇಲೆ ಕುಳಿತು ಸಣ್ಣ ಧ್ವನಿಯಲ್ಲಿ ಕೇಳಿದ.

“ಭೂಲ ನೀನ ಕೊಡ್ತೀ ಹೌದಿಲ್ಲ?”

“ಇಲ್ಲಪ್ಪಾ. ಆ ಹೊಸ ಡಾಕ್ಟರ್ ಕೊಡ್ತಾಳ. ನಾ ಹೊರಗ ಇರ್ತೇನಿ.”

ಹೊಸ ಡಾಕ್ಟರು ತಾನೇ ಆಪರೇಷನ್ ಕೋಣೆಯ ಹೊರಗೆ ಬಂದು ನಮಸ್ಕಾರ ಮಾಡಿದಳು. ತೆಳ್ಳಗಿನ, ನಗುಮುಖದ ಹುಡುಗಿ. “ಮೇಡಂ, ಒಳಗ ಬರ್ತೀರೇನ್ರಿ? ನಿಮ್ಮ ತಂದಿಯವರಿಗೂ ಧೈರ್ಯ ಆಗತೈತಿ” ಎಂದಳು. ಬಾಗಿಲು ಅರೆ ತೆರೆದಿತ್ತು. ಒಳಗಿನ ತಂಪು, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂತು. ಹೊರಗೆ ಓಡಬೇಕು ಅನ್ನಿಸುತ್ತದೆಯೇ ಎಂದು ಕಾದೆ. ಅನ್ನಿಸಲಿಲ್ಲ. ಆದರೂ, “ಬ್ಯಾಡವಾ. ನೀವ ನೋಡ್ಕೋರಿ” ಎಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತೆ.

ಆ ಬೆಂಚುಗಳ ಮುಂದಿನಿಂದ ನೂರಾರು ಸಲ ದಾಟಿ ಹೋಗಿದ್ದೆ, ಎಂದೂ ಕುಳಿತಿರಲಿಲ್ಲ. ಅಲ್ಲಿ ಹೊತ್ತು ಬೇರೆ ತರಹ ಸಾಗುತ್ತದೆ. ಒಳಗೆ ಕೈಗೆ ಕೆಲಸವಿರುತ್ತದೆ, ಹೊರಗೆ ಬಾಗಿಲು ನೋಡುವುದೊಂದೇ ಕೆಲಸ. ಪಕ್ಕದಲ್ಲಿ ಸಾಲಹಳ್ಳಿಯ ಒಬ್ಬ ಹೆಣ್ಣುಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. ಅಪ್ಪನದು ಮುಗಿದ ಮೇಲೆ ಆಕೆಯ ಗಂಡನ ಸರದಿ.

“ಒಳಗ ಏನ್ ಮಾಡ್ತಾರ್ರಿ ಅಕ್ಕಾರ? ಭಾಳ ನೋಯ್ತೈತೇನ್ರಿ?” ಎಂದಳು.

ಬೆನ್ನಿಗೆ ಸೂಜಿ ಕೊಡುತ್ತಾರೆ, ಇರುವೆ ಕಚ್ಚಿದಂತಾಗುತ್ತದೆ, ಆಮೇಲೆ ಕಾಲು ಬಿಸಿಯಾಗಿ ಭಾರವಾಗುತ್ತವೆ, ತಲೆಯ ಹತ್ತಿರ ಒಬ್ಬರು ಕುಳಿತು ಮಾತಾಡಿಸುತ್ತಲೇ ಇರುತ್ತಾರೆ ಎಂದು ಬಿಡಿಸಿ ಹೇಳಿದೆ. ಆಕೆಯ ಬೆರಳು ಸೆರಗನ್ನು ಬಿಟ್ಟಿತು.

“ನಿಮಗ ಇಷ್ಟೆಲ್ಲಾ ಹೆಂಗ ಗೊತ್ರಿ?”

“ಮೊದಲ ನಾನೂ ಇದ ಕೆಲಸಾ ಮಾಡ್ತಿದ್ದೆ. ಈಗ ಬಿಟ್ಟೇನಿ.”

ಯಾಕೆ ಎಂದು ಕೇಳುತ್ತಾಳೆಂದು ಕಾದೆ. ಆಕೆ ನನ್ನ ಕಡೆ ಇನ್ನಷ್ಟು ಸರಿದು ಕುಳಿತು, “ಛಲೋ ಆತು ಬಿಡ್ರಿ. ಇಲ್ಲಂದ್ರ ನೀವು ಒಳಗ ಇರ್ತಿದ್ರಿ, ನಾ ಒಬ್ಬಾಕೀನ ಇಲ್ಲಿ ಕುಂದ್ರಬೇಕಾಗ್ತಿತ್ತು” ಎಂದಳು.

ಬಿಟ್ಟದ್ದು ಒಳ್ಳೆಯದಾಯಿತು ಎಂದು ನನಗೆ ಹೇಳಿದವರು ಆಕೆಯೇ ಮೊದಲು. ನಾವಿಬ್ಬರೂ ಆಕೆಯ ಗಂಟಿನಲ್ಲಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಪ್ಪನನ್ನು ಹೊರಗೆ ತಂದ ಮೇಲೂ, ತಮ್ಮನನ್ನು ಅಪ್ಪನ ಹತ್ತಿರ ಬಿಟ್ಟು, ಆಕೆಯ ಗಂಡನನ್ನು ಹೊರಗೆ ತರುವವರೆಗೆ ಜೊತೆಗೇ ಕುಳಿತೆ.

ಸಂಜೆ ಅಪ್ಪ ಗಂಜಿ ಕುಡಿದು ಚೇತರಿಸಿಕೊಂಡು, ಪಕ್ಕದ ಮಂಚದಲ್ಲಿದ್ದ ಆಕೆಯ ಗಂಡನಿಗೂ ಎಮ್ಮೆಗಳ ಸುದ್ದಿ ಹೇಳಿ ಮುಗಿಸಿದ್ದ. “ಆ ಹುಡುಗಿ ಭಾಳ ಚಂದ ಮಾತಾಡಿಸಿದ್ಲು ತಂಗಿ. ಎಮ್ಮಿ ಎಷ್ಟದಾವು, ಯಾವುದು ಒದೀತೈತಿ, ಎಲ್ಲಾ ಕೇಳಿದ್ಲು. ನನಗ ಕೊಯ್ದದ್ದ ಗೊತ್ತಾಗಲಿಲ್ಲ” ಎಂದ. ಆಮೇಲೆ ಫ್ಯಾನು ನೋಡುತ್ತ ಕೇಳಿದ.

“ನೀನೂ ಹಿಂಗ ಮಾತಾಡಸ್ತಿದ್ದೇನು? ಬಂದ ಮಂದೀನೆಲ್ಲಾ?”

“ಹೂನಪ್ಪಾ.”

“ಇಷ್ಟ ವರ್ಷಾನೂ?”

“ಹೂಂ.”

“ಹಂಗಾರ ದಣದಿರ್ಬೇಕ ಬಿಡವಾ” ಎಂದ.

ನಾನು ಹೊದಿಕೆ ಸರಿಮಾಡುವ ನೆಪದಲ್ಲಿ ಅವನ ಕಾಲ ಹತ್ತಿರ ಹೋಗಿ ನಿಂತೆ. ಕಣ್ಣು ತುಂಬಿದ್ದವು, ದುಃಖದಿಂದಲ್ಲ.

ಈಗಲೂ ಕೆಲವು ಬೆಳಗು ಆ ಕೆಲಸ ನೆನಪಾಗಿ ಮನಸ್ಸು ಭಾರವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತದೆ. ಮಗಳ ಜೊತೆ ಜಗಳವಾಡಲು ಈಗ ಪುರಸೊತ್ತಿದೆ. ಗಂಡನಿಗೆ ನನ್ನ ಕೈಯ ಅಡುಗೆಯ ಬಗ್ಗೆ ದೂರು ಹೇಳಲು ಧೈರ್ಯ ಬಂದಿದೆ.

ಎಳ್ಳಮವಾಸ್ಯೆಗೆ ಸಾಲಹಳ್ಳಿಯ ಹೆಣ್ಣುಮಗಳು, ಹೊಲಕ್ಕೆ ನೈವೇದ್ಯ ಚೆಲ್ಲುವ ಚರಗಕ್ಕೆ ಕರೆದಳು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಾರು ಓಡಿಸಿಕೊಂಡು ಹೋದೆ. ಹೊಲದಲ್ಲಿ ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಆಕೆಯ ಗಂಡ ಗುಣವಾಗಿ ಹೊಲದ ತುಂಬ ಚರಗ ಚೆಲ್ಲುತ್ತ ಓಡಾಡುತ್ತಿದ್ದ. ಅತ್ತೆಗೆ ನನ್ನ ಪರಿಚಯ ಹೇಳುವಾಗ ಆಕೆ, “ಆವತ್ತ ಹರ್ನಿಯಾ ಆಗಿತ್ತಲ್ರಿ, ಆ ಎಮ್ಮಿ ಅಜ್ಜಾರು, ಅವರ ಮಗಳು” ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ ಬಡಿಸಿದರು. ಬೇಡ ಎಂದರೂ ಆ ಅತ್ತೆ ಶೇಂಗಾ ಹೋಳಿಗೆಯ ಮೇಲೆ ಮತ್ತೊಂದು ಹಾಕಿ ತುಪ್ಪ ಸುರಿದಳು.

“ಅಜ್ಜಾರ್ನೂ ಕರ್ಕೊಂಡ ಬರಬೇಕಿತ್ರಿ” ಎಂದಳು.

“ಜೋಳ ಹಾಲುಗಾಳು ಆದಾಗ ತೆನಿ ಸುಟ್ಟು ಸೀತನಿ ತಿನ್ನಾಕ ಕರ್ಕೊಂಡ ಬರ್ತೇನ್ರಿ” ಎಂದು ನಾನು ಹೋಳಿಗೆ ಮುರಿದೆ.