ಶೆಡ್ಡಿನ ಬಾಗಿಲಿಗೆ ಬೇವಿನ ಸೊಪ್ಪು

ಮಾರಮ್ಮ ತಾಯಿಯನ್ನು ನಂಬಿದ ಬಂಧುಗಳೇ, ಕಳೆದ ಬೇಸಿಗೆಯಲ್ಲಿ ನಾನು ಪೂರ್ತಿ ಸೋತುಹೋಗಿದ್ದೆ. ತಾಯಿಯ ಮುಂದೆ ಜಗಳಕ್ಕೇ ಕೂತಿದ್ದೆ. ಆಮೇಲೆ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ನಾನು ಜಾಲಹಳ್ಳಿಯವಳು, ಆಶಾ ಕಾರ್ಯಕರ್ತೆ. ಅಕಾಲದ ಮಳೆಗೆ ಕಾಲುವೆ ಉಕ್ಕಿ, ಕುಂದಲಹಳ್ಳಿ ಕಡೆ ಗುಡಿಸಲು ಕಳೆದುಕೊಂಡ ಕೂಲಿಯವರನ್ನು ಮಾಕಳಿಯ ಹತ್ತಿರ ತಗಡಿನ ಶೆಡ್ಡುಗಳಲ್ಲಿ ಇರಿಸಿದ್ದರು. ಎಲ್ಲರೂ ರಾಯಚೂರು, ಯಾದಗಿರಿ ಕಡೆಯವರು. ಅಲ್ಲಿ ಒಂದು ಕೂಸು ತೀರಿಕೊಂಡಿತು. ಮಣ್ಣು ಮಾಡಿದ ಮೇಲಷ್ಟೇ ನಮಗೆ ಗೊತ್ತಾಯಿತು. "ದಡಾರ ಇರಬೇಕು. ಇನ್ನೂ ಯಾವ ಮಕ್ಕಳಿಗಿದೆಯೋ ದಿನಾ ಹೋಗಿ ನೋಡಮ್ಮ" ಎಂದರು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು.

ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಮಂಡಿನೋವು ಬೇರೆ. ಕಾದ ತಗಡಿನ ನಡುವೆ ಶೆಡ್ಡಿನಿಂದ ಶೆಡ್ಡಿಗೆ ಸುತ್ತಿ, "ಯಾರಿಗಾದ್ರೂ ಜ್ವರ, ಕೆಂಪು ದದ್ದು, ಏನಾದ್ರೂ ಕಾಯಿಲೆ ಇದ್ಯಾ?" ಎಂದು ಕೇಳುವುದು.

"ಇಲ್ರೀ ಅಕ್ಕಾ, ಎಲ್ಲಾರೂ ಆರಾಮ ಅದೀವ್ರಿ."

ಎಲ್ಲ ಬಾಗಿಲಲ್ಲೂ ಇದೇ ಮಾತು. ಕಾಯಿಲೆ ಎಂದರೆ ಇಲ್ಲಿಂದಲೂ ಎಬ್ಬಿಸಿಬಿಡುತ್ತಾರೆ ಎಂಬ ಭಯ ಅವರಿಗೆ.

ನೀಲವ್ವನ ಮಗಳು ಗಂಗಿ, ನಾಲ್ಕು ವರ್ಷದ ಪೋರಿ, ನಾನು ಕಂಡರೆ ಸಾಕು ಓಡಿಬಂದು ನನ್ನ ಚೀಲಕ್ಕೆ ಜೋತುಬೀಳುವವಳು. ಒಂದು ದಿನ ಅವಳು ಕಾಣಲಿಲ್ಲ.

"ಅಜ್ಜಿ ಊರಿಗೆ ಹೋಗ್ಯಾಳ್ರಿ" ಎಂದಳು ನೀಲವ್ವ, ನನ್ನ ಮುಖ ನೋಡದೆ. ಬಾಗಿಲಲ್ಲಿ ಗಂಗಿಯ ಚಪ್ಪಲಿ ಇತ್ತು. ಒಳಗೆ ಹೋಗಲು ನೀಲವ್ವನ ಗಂಡ ಬಿಡಲಿಲ್ಲ.

ಅಂದು ಮಂಗಳವಾರ. ಬಸ್ ಸ್ಟಾಪಿನ ಪಕ್ಕದ ಮಾರಮ್ಮನ ಗುಡಿಯಲ್ಲಿ ಕೂತು ಅತ್ತುಬಿಟ್ಟೆ. "ನನ್ನ ಕೈಲಾಗಲ್ಲ ತಾಯಿ. ಆ ಮಗೂನ ನೀನೇ ತೋರಿಸು. ಇಲ್ಲಾಂದ್ರೆ ನಾಳೆಯಿಂದ ನಾನು ಬರಲ್ಲ, ಏನಾದ್ರೂ ಮಾಡ್ಕೋ!"

ಕಣ್ಣೊರೆಸಿಕೊಂಡು ನೋಡಿದರೆ, ನೀಲವ್ವ ಒದ್ದೆ ತಲೆಯಲ್ಲಿ ಮೊಸರನ್ನ, ಬೇವಿನ ಸೊಪ್ಪು ಹಿಡಿದು ಬರುತ್ತಿದ್ದಾಳೆ! ಮನೆಗೆ ಅಮ್ಮ ಬಂದಾಗ ತಂಪು ಮಾಡಲು ತರುವ ಎಡೆ ಅದು. ನನ್ನ ತವರಿನಲ್ಲೂ ಅಷ್ಟೇ. ಮೈಮೇಲೆ ಎದ್ದದ್ದನ್ನು ಅಮ್ಮ ಅನ್ನುತ್ತಿದ್ದೆವೇ ಹೊರತು ಕಾಯಿಲೆ ಎಂದವರಿಲ್ಲ. ನಾನೋ, ಊರೆಲ್ಲ ಕಾಯಿಲೆ ಕೇಳುತ್ತಾ ತಿರುಗಿದ್ದೆ.

"ನೀಲವ್ವಾ, ಮನೆಗೆ ಅಮ್ಮ ಬಂದಿದ್ದಾಳಾ?"

ತಾಯಿಯ ಎದುರು ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಎಡೆ ಕೆಳಗಿಟ್ಟು ಕೂತಳು. "ಬಂದಾಳ್ರಿ ಅಕ್ಕಾ. ಗಂಗಿ ಉಸಿರಾಡಾಕ ಒದ್ದಾಡಾಕ ಹತ್ಯಾಳ. ದವಾಖಾನಿಗೆ ಒಯ್ದ್ರ ಅವ್ವ ಸಿಟ್ಟಾಗ್ತಾಳಂತ..."

"ಸಿಟ್ಟಾಗೋ ಹಾಗಿದ್ರೆ ನನ್ನನ್ನ ಇಲ್ಲಿ ಯಾಕೆ ಕೂರಿಸ್ತಿದ್ಲು? ಏಳೇ ಮೊದ್ಲು!"

ಗಂಡನನ್ನು ನೀಲವ್ವನೇ ಒಪ್ಪಿಸಿ ಮಗುವನ್ನು ಹೊರಗೆ ತಂದಳು. ಆಟೋದಲ್ಲಿ ಗಂಗಿ ನನ್ನ ತೊಡೆಯ ಮೇಲೆ ಕೆಂಡದಂತೆ ಸುಡುತ್ತಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ದಡಾರ ಶ್ವಾಸಕೋಶಕ್ಕೆ ಇಳಿದಿತ್ತು. ಆಕ್ಸಿಜನ್ ಹಾಕಿದರು. "ಸದ್ಯ, ಇವತ್ತೇ ತಂದ್ರಲ್ಲ" ಎಂದರು ಡಾಕ್ಟರು. ನಾನು ಗೋಡೆಗೊರಗಿ ತಾಯಿಯನ್ನು ಕರೆಯುತ್ತಲೇ ಇದ್ದೆ. ಕೊನೆಗೂ ಮಗು ಕಣ್ಣು ಬಿಟ್ಟು ನೀರು ಕೇಳಿತು.

ಆಮೇಲೆ ಪ್ರತಿ ಶೆಡ್ಡಿನಲ್ಲೂ ಅಮ್ಮ ಬಂದಿದ್ದಾಳಾ ಎಂದೇ ಕೇಳಿದೆ. ನೀಲವ್ವ ಜೊತೆಗೇ ಬಂದಳು. ಮುಚ್ಚಿಟ್ಟಿದ್ದ ಮಕ್ಕಳನ್ನು ಒಬ್ಬೊಬ್ಬರೇ ಹೊರಗೆ ತಂದರು. ಅವರಿಗೆ ಔಷಧಿ, ಉಳಿದ ಮಕ್ಕಳಿಗೆ ಲಸಿಕೆ ಆಯಿತು. ಯಾರನ್ನೂ ಎಬ್ಬಿಸಲಿಲ್ಲ. ಈಗ ಅಮ್ಮ ಬಂದ ಮನೆಯವರು ಬಾಗಿಲಿಗೆ ಧೈರ್ಯವಾಗಿ ಬೇವು ಕಟ್ಟುತ್ತಾರೆ. ನಾನು ದೂರದಿಂದಲೇ ನೋಡಿ ಅಲ್ಲಿಗೆ ಮೊದಲು ಹೋಗುತ್ತೇನೆ.

ಆಯಾಸವೇನೂ ಹೋಗಿಲ್ಲ. ಬಸ್ಸಿನಲ್ಲಿ ಸೀಟೂ ಸಿಕ್ಕಿಲ್ಲ. ಮೊನ್ನೆ ಗಂಗಿ ಓಡಿಬಂದು ಚೀಲಕ್ಕೆ ಜೋತುಬಿದ್ದಳು. "ಅಜ್ಜಿ ಊರಿಂದ ಯಾವಾಗ ಬಂದ್ಯೇ?" ಎಂದು ರೇಗಿಸಿದೆ. ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಾ ಎಲ್ಲೂ ಹೋಗೇ ಇಲ್ಲ!" ಎಂದಳು ಗಂಗಿ.

ಹೋಗಲು ಬಿಡದ ತಾಯಿಗೆ ಶರಣು.