ಒಂದೇ ಒಲೆ ಅಂದುಬಿಟ್ಟೆ

ನಾಲ್ಕು ಜನರ ಎದುರು ಬಾಯಿ ತೆಗೆದವಳಲ್ಲ ನಾನು. ವಾರವಾರ ಈ ಪುಟದಲ್ಲಿ ಇಷ್ಟೊಂದು ಮಾತಾಡುವವಳು, ಎದುರಿಗೆ ಸಿಕ್ಕರೆ ಸೆರಗಿನ ತುದಿ ತಿರುವುತ್ತ ನಿಂತುಬಿಡುತ್ತಾಳೆ. ಅಂಥವಳು ಒಮ್ಮೆ ಧೈರ್ಯ ಮಾಡಿ ಒಬ್ಬ ಅಧಿಕಾರಿಯ ಮುಂದೆ ಮಾತಾಡಿದೆ. ಒಂದೇ ಒಂದು ಮಾತು. ಅದು ಒಬ್ಬಳ ಮನೆ ತಿಂದುಹಾಕಿತು.

ಮಖ್ತಲದಲ್ಲಿರುವ ಮೊಮ್ಮಕ್ಕಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಅಜ್ಜೀ, ಹೊಸ ಮನಿಗಿ ಯಾವಾಗ ಹೋಗ್ತಿ?" ಫೋನಿನಲ್ಲಿ ಹೇಳಲು ಆಗಲಿಲ್ಲ. ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಕೇಳಿಸಿಕೊಳ್ಳಿ.

ನಮ್ಮೂರು ಹಿನ್ನೀರಿನಲ್ಲಿ ಮುಳುಗಿ ವರ್ಷಗಳಾದವು. ತೆಲುಗು ಸೀಮೆಯ ಗದ್ವಾಲದ ಹೊರಗೆ ತಗಡಿನ ಶೆಡ್ಡುಗಳ ಕ್ಯಾಂಪಿಗೆ ತಂದಿಟ್ಟರು. "ಆರು ತಿಂಗಳಷ್ಟೇ" ಅಂದರು. (ಆ ಆರು ತಿಂಗಳಲ್ಲಿ ಹುಟ್ಟಿದ ಕೂಸುಗಳು ಈಗ ಶಾಲೆಗೆ ಹೋಗುತ್ತಿವೆ.)

ನನ್ನ ಪಕ್ಕದ ಎರಡು ಶೆಡ್ಡುಗಳಲ್ಲಿ ಈರಮ್ಮ, ಲಕ್ಷ್ಮಿ. ಅಣ್ಣತಮ್ಮಂದಿರ ಹೆಂಡಂದಿರು. ಈರಮ್ಮ ಹಿರಿಯಳು, ಗಂಡನಿಲ್ಲ, ಒಬ್ಬಳೇ ಮಗಳು. ಊರಲ್ಲಿದ್ದಾಗ ಇಬ್ಬರದೂ ಬೇರೆ ಬೇರೆ ಮನೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕ್ಯಾಂಪಿನ ಮೊದಲ ಮಳೆಗೆ ಲಕ್ಷ್ಮಿಯ ಒಲೆ ಕರಗಿ ಕೆಸರಾಯಿತು. ಈರಮ್ಮ ಒಳಗಿನಿಂದಲೇ ಕೂಗಿದಳು, "ಏ ಲಕ್ಷ್ಮೀ, ಹಿಟ್ಟು ತಗೊಂಡು ಇಲ್ಲೇ ಬಾ. ಒಲಿಗೇನು ನಿನ್ ಮಕ ಯಾವ್ದು, ನನ್ ಮಕ ಯಾವ್ದು ಗೊತ್ತಾಗತೈತೇನು?"

ಅವತ್ತಿನಿಂದ ಒಂದೇ ಒಲೆ. ಒಬ್ಬಳು ರೊಟ್ಟಿ ಬಡಿಯುವಳು, ಇನ್ನೊಬ್ಬಳು ಬೇಯಿಸುವಳು. ಪುಂಡಿಪಲ್ಯ ಒಂದೇ ಗಡಿಗೆಯಲ್ಲಿ. ಜಾಲಿಕಟ್ಟಿಗೆಗೆ ಮೈಲಿಗಟ್ಟಲೆ ಹೋಗಬೇಕಲ್ಲ, ಇವರನ್ನು ನೋಡಿ ನಮ್ಮ ಶೆಡ್ಡಿನ ಸಾಲಿನ ಉಳಿದವರೂ ಇಬ್ಬಿಬ್ಬರು ಸೇರಿಕೊಂಡರು. ಹೊಗೆ ಕಮ್ಮಿಯಾಯಿತು. ಜಗಳವೂ. ಮನೆ ಕಳೆದುಕೊಂಡವರಿಗೆ ಅದೊಂದು ಸಿಕ್ಕಿತ್ತು.

ಆಮೇಲೆ ಶಾಶ್ವತ ಪರಿಹಾರ ಬಂತು. ಮನೆ ಕಟ್ಟಿಕೊಳ್ಳಲು ಕುಟುಂಬಕ್ಕೊಂದು ಪ್ಲಾಟ್! ಸರ್ವೇ ಮಾಡಲು ಚಿಕ್ಕ ವಯಸ್ಸಿನ ಸಾರ್ ಒಬ್ಬರು ಟ್ಯಾಬ್ ಹಿಡಿದು ಬಂದರು. ಅವರದು ತೆಲುಗು. ಈರಮ್ಮನಿಗೆ ಗಾಬರಿಯಲ್ಲಿ ಮಾತೇ ಹೊರಡಲಿಲ್ಲ. ನಾನು ಮುಂದೆ ಹೋದೆ.

"ಎರಡು ಮನಿಯವರ್ರೀ ಸಾರ್. ಆದ್ರ ಒಲಿ ಒಂದೇ ಐತ್ರಿ. ನಮ್ ಕ್ಯಾಂಪಿನಾಗ ಹೀಂಗ ಹೊಂದ್ಕೊಂಡು ಇರ್ತೀವ್ರಿ."

"ಮಂಚಿದಿ, ಮಂಚಿದಿ" ಎಂದು ನಕ್ಕು, ಟ್ಯಾಬಿನ ಮೇಲೆ ಬೆರಳು ಒತ್ತಿದರು. ಒಳ್ಳೆಯದು ಅಂದರಲ್ಲ! ನನಗೆ ಹೆಮ್ಮೆ.

ಲಿಸ್ಟ್ ಅಂಟಿಸಿದ ದಿನ ಗೊತ್ತಾಯಿತು. ಸರ್ಕಾರದ ಲೆಕ್ಕದಲ್ಲಿ ಒಂದು ಒಲೆ ಅಂದರೆ ಒಂದು ಕುಟುಂಬ. ಪ್ಲಾಟ್ ಲಕ್ಷ್ಮಿಯ ಗಂಡನ ಹೆಸರಿಗೆ. ಈರಮ್ಮನ ಹೆಸರು ಎಲ್ಲೂ ಇಲ್ಲ. ಒಲೆಯ ಮಾತೆತ್ತದ ಉಳಿದ ಜೋಡಿಗಳಿಗೆ ಮನೆಗೊಂದರಂತೆ ಬಂದಿತ್ತು. ಕೊನೆಯ ಶೆಡ್ಡಿನ ತಂದೆ-ಮಗ ವಾರಕ್ಕೊಮ್ಮೆ ಬಡಿಗೆ ಹಿಡಿಯುತ್ತಾರೆ, ಬೇರೆ ಬೇರೆ ಬೇಯಿಸಿಕೊಳ್ಳುತ್ತಾರೆ. ಅವರಿಗೆ ಎರಡು ಪ್ಲಾಟ್. ಯಾರ ಒಲೆಗೂ ಹೋಗಲು ನಾಚಿ ಒಬ್ಬಳೇ ಅನ್ನ ಇಟ್ಟುಕೊಳ್ಳುತ್ತಿದ್ದ ನನಗೂ ಒಂದು ಪೂರ್ತಿ ಪ್ಲಾಟ್.

ಈರಮ್ಮನ ಜೊತೆ ಆಫೀಸಿಗೆ ಹೋದೆ. ತಪ್ಪು ನನ್ನದು ಎಂದು ಹೇಳಬೇಕಿತ್ತು. ಸೆರಗು ತಿರುವುತ್ತ ನಿಂತೆ. ಅಲ್ಲಿದ್ದವರು ಈರಮ್ಮನಿಗೆ ಹೇಳಿದರು, "ಇನ್ನೊಂದ್ಸಲ ಸರ್ವೇಕ್ಕ ಬರ್ತಾರಮ್ಮ. ಒಲಿ ಬ್ಯಾರೆ ಇರಬೇಕು. ಇವರು ಕೂಡಿಲ್ಲ ಅಂತ ಸಾಲಿನವರೂ ಹೇಳಬೇಕು."

ಕೂಡಿಲ್ಲ ಎಂದು ತೋರಿಸುವುದು ಹೇಗೆ?

"ಜಗಳ ಆಡೂಣು ಬಿಡಕ್ಕ. ಅದನ್ನ ನಮಗ ಯಾರೂ ಕಲಿಸ್ಬೇಕಾಗಿಲ್ಲ" ಅಂದಳು ಲಕ್ಷ್ಮಿ. ಈರಮ್ಮನಿಗೆ ಹೊಸ ಒಲೆ ಹಾಕಿಕೊಟ್ಟವಳೂ ಅವಳೇ. ಮಣ್ಣು ಕಲಸುತ್ತ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಕಳೆದ ಮಂಗಳವಾರ ರಸ್ತೆಯ ಮೇಲೆ ಜೀಪು ಕಂಡಿತು. ಸರ್ವೇದವರು ಎಂದು ಯಾರೋ ಕೂಗಿದರು. ಶುರುವಾಯಿತು.

"ನನ್ ಹಿಟ್ಟು ತಿಂದು ಮೈ ಬೆಳಸೀಯಲ್ಲೇ!"

"ಅಯ್ಯ, ನೀ ತಿಂದಿದ್ದು ನನ್ ಗಂಡನ ದುಡಿಮಿ!"

ಸಾಲೆಲ್ಲ ನಗುತ್ತಿತ್ತು. ನಾನೂ ನಕ್ಕೆ. ಆಮೇಲೆ ಲಕ್ಷ್ಮಿ ಅಂದಳು:

"ನಿನಗ ಯಾಕ ಬ್ಯಾರೆ ಪ್ಲಾಟು? ಗಂಡ ಇಲ್ಲ, ಗಂಡ್ಮಗ ಇಲ್ಲ. ಯಾರಿಗಿ ಇಟ್ಟು ಹೋಗಾಕ?"

ಯಾರೂ ನಗಲಿಲ್ಲ. ಅದು ನಾಟಕದ ಮಾತೇ? ಅಥವಾ ಊರಿನಿಂದ ಹೊತ್ತುಕೊಂಡೇ ಬಂದಿದ್ದಳೇ? ಲಕ್ಷ್ಮಿಗೂ ಗೊತ್ತಿರಲಿಕ್ಕಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಈರಮ್ಮ ಮಗಳ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜೀಪು ನಿಲ್ಲದೆ ಹೋಯಿತು. ಹತ್ತಿಬೀಜದ ಅಂಗಡಿಯದಂತೆ.

ಶುಕ್ರವಾರ ತಿಳಿಯಿತು, ಮರುಸರ್ವೇ ಇಲ್ಲ. ಲಿಸ್ಟ್ ಫೈನಲ್.

ಈಗ ಸಾಲಿನ ತುಂಬ ಹೊಸ ಒಲೆಗಳು. ಮುಂದೆ ಯಾವ ಸರ್ವೇ ಬಂದೀತೋ ಎಂದು ಎಲ್ಲರೂ ಬೇರೆಯಾಗಿದ್ದಾರೆ. ಕಟ್ಟಿಗೆ ಕದ್ದರೆಂದು ದಿನಾ ರಂಪ. ಮಧ್ಯಾಹ್ನದ ಹೊಗೆಯಲ್ಲಿ ಕ್ಯಾಂಪೇ ಕಾಣುವುದಿಲ್ಲ.

ನಿನ್ನೆ ಈರಮ್ಮನಿಗೆ ಹೇಳಿದೆ, "ನನ್ ಪ್ಲಾಟಿಗೇ ಬಾ, ಮಗಳ್ನ ಕರ್ಕೊಂಡು."

ಅವಳು ಒಲೆ ಊದುತ್ತಲೇ ಕೇಳಿದಳು, "ನಿನ್ ಮನ್ಯಾಗ ನಾ ಯಾರಾಗಿ ಇರ್ಲಿ ಅಕ್ಕಾ? ಮತ್ತ ಯಾರರ ಬಂದು ಎಣಿಸಿದ್ರ, ನನ್ನ ಏನಂತ ಬರಸ್ತಿ?"

ನನ್ನ ಕೈ ಮತ್ತೆ ಸೆರಗಿನ ತುದಿಗೆ ಹೋಯಿತು.

ಮಕ್ಕಳೇ, ಹೊಸ ಮನೆಗೆ ಹೋಗುತ್ತೇನೆ. ನೀವೂ ರಜೆಗೆ ಬರುತ್ತೀರಿ, ಬಂದ ದಿನವೇ ಕಿತ್ತಾಡುತ್ತೀರಿ. ಆಗ ಹೊಂದಿಕೊಂಡು ಇರಿ ಎಂದು ಯಾವ ಬಾಯಿಂದ ಹೇಳಲಿ?