ಇಳಿಸುವ ಜಾಗ

ಅವರ ಎರಡೂ ಮುಂಗೈಗಳ ಒಳಬದಿಯಲ್ಲಿ ಒಂದೊಂದು ಕಲೆ ಇತ್ತು. ಕೂದಲಿಲ್ಲದ, ನುಣ್ಣಗೆ ಹೊಳೆಯುವ, ಬೆರಳಗಲದ ಪಟ್ಟಿ. ಎರಡು ಕೈ ಹತ್ತಿರ ತಂದರೆ ಎರಡೂ ಪಟ್ಟಿ ಸೇರಿ ದೊಡ್ಡ ಪಾತ್ರೆಯೊಂದರ ಅಂಚಿನ ಹಾಗೆ ಬಾಗಿ ಕಾಣುತ್ತಿದ್ದವು. ಬೆಂಕಿಯ ಮುಂದೆ ಇಪ್ಪತ್ತೈದು ವರ್ಷ ಕಳೆದವರಿಗೆ ಇಂಥದ್ದು ಇದ್ದೇ ಇರುತ್ತದೆ ಎಂದುಕೊಂಡು ನಾನು ಕೇಳಿರಲಿಲ್ಲ. ಕೇಳೋಣವೆಂದರೆ ಆ ಮನುಷ್ಯ ಒಂದು ಕಡೆ ನಿಲ್ಲುತ್ತಲೂ ಇರಲಿಲ್ಲ.

ಕುರ್ಲಾ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಅವರು ದೊಡ್ಡ ಅಡಿಗೆಯವರು. ಮಾಲೀಕರಿಗೂ ಗಿರಾಕಿಗಳಿಗೂ ಅವರು ಭಟ್ಟರು, ಅಷ್ಟೇ. ನಾನು ಧಾರವಾಡದಿಂದ ಬಂದು ಆಗ ಎರಡು ವರ್ಷವಾಗಿತ್ತು. ಫೋರ್ಟಿನ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸ, ಚಾಳಿನ ಖೋಲಿಯೊಂದರಲ್ಲಿ ಮೂರು ಜನರ ಜೊತೆ ಹಾಸಿಗೆಯಷ್ಟು ನೆಲ, ಬೆಳಿಗ್ಗೆ, ರಾತ್ರಿ ಎರಡು ಹೊತ್ತಿನ ಊಟ ಭಟ್ಟರ ಕೈಯದು. ಅಡಿಗೆಮನೆಯ ಬಾಗಿಲಿಗೆ ಎದುರಾದ ಮೇಜು ನನಗೆ ಖಾಯಂ ಆಗಿತ್ತು. ಅಲ್ಲಿಂದ ಅವರು ಊಟ ಮಾಡುವುದು ಕಾಣುತ್ತಿತ್ತು. ಎಡಗೈಯಲ್ಲಿ ತಟ್ಟೆ, ಕಣ್ಣು ಒಲೆಯ ಮೇಲೆ, ನಿಂತೇ ಊಟ. ಎರಡು ತುತ್ತಿಗೊಮ್ಮೆ ತಟ್ಟೆ ಕಿಟಕಿಯ ಕಟ್ಟೆಗೆ ಹೋಗುತ್ತಿತ್ತು, ಸೌಟು ಕೈಗೆ ಬರುತ್ತಿತ್ತು. ನೋಡುವ ನನಗೇ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ನನ್ನ ಕಂಕುಳಲ್ಲಿದ್ದ ಕಾಗದದ ಸುರುಳಿ ಕಂಡು ಅವರು ಕೈ ಒರೆಸುತ್ತ ಹೊರಗೆ ಬಂದರು.

"ನೀವು ಮನೆ ಬರೆಯುವವರಾ?"

"ಮನಿ ಅಲ್ರೀ, ಗೋದಾಮು ಬರೀತೀನಿ."

"ಗೋದಾಮು ಬರೆಯುವವರಿಗೆ ಅಡಿಗೆಮನೆ ಎಂತ ಕಷ್ಟ? ನನಗೊಂದು ಬರೆದು ಕೊಡಿ ಮಾರಾಯ್ರೇ. ದೊಡ್ಡದು ಬೇಡ. ಆರಡಿಗೆ ಏಳಡಿ."

ಘಾಟ್ಕೋಪರಿನ ಚಾಳಿನಲ್ಲಿ ಅವರು ಒಂದು ಖೋಲಿ ಹಿಡಿದಿದ್ದರು. ಅದನ್ನು ಹಲಗೆಯಿಂದ ಎರಡು ಮಾಡಿ ಒಳಭಾಗವನ್ನು ಅಡಿಗೆಮನೆ ಮಾಡಬೇಕಿತ್ತು. ಹೆಂಡತಿ ಉಡುಪಿಯ ಹತ್ತಿರದ ಹಳ್ಳಿಯಲ್ಲಿದ್ದರು; ಮಕ್ಕಳಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ, ವರ್ಷಕ್ಕೊಂದು ತಿಂಗಳ ರಜೆ ಕೂಡಿಸಿದರೆ ಇಬ್ಬರೂ ಒಟ್ಟಿಗಿದ್ದದ್ದು ಎರಡು ವರ್ಷ ದಾಟುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಆಕೆ ಒಮ್ಮೆ ಮುಂಬಯಿಗೆ ಬಂದಿದ್ದರಂತೆ. ಆಗಿನ ಖೋಲಿಯಲ್ಲಿ ಸ್ನಾನಕ್ಕೂ ಪಾತ್ರೆ ತೊಳೆಯಲಿಕ್ಕೂ ಇದ್ದ ಮೂಲೆಯ ಮೋರಿಗೆ ತಾಗಿಯೇ ಒಲೆ. ಒಬ್ಬರು ಮೈ ತೊಳೆದರೆ ಇನ್ನೊಬ್ಬರ ಸಾರಿಗೆ ನೀರು ಹಾರುತ್ತಿತ್ತು. ಎರಡು ತಿಂಗಳಿಗೆ ಊರಿಗೆ ಹೊರಟುಹೋದರು. ಈಗ ಅವರಿಂದ ಬಂದಿದ್ದ ಕಾರ್ಡನ್ನು ಭಟ್ಟರು ಅಂಗಿಯ ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು: "ಅಡಿಗೆಮನೆ ಅಂತ ಒಂದು ಆದ ಮೇಲೆ ಬರೆಯಿರಿ, ಬರುತ್ತೇನೆ. ಮೋರಿಯ ಪಕ್ಕ ಬದುಕಲು ಮತ್ತೆ ಕರೆಯಬೇಡಿ."

"ನೋಡಿದ್ರಾ? ಬರ್ತೇನೆ ಅಂತ ಬರೆದಿದ್ದಾಳೆ," ಎಂದರು ಭಟ್ಟರು. ಉಳಿದದ್ದು ಅವರ ಕಣ್ಣಿಗೆ ಬಿದ್ದಂತಿರಲಿಲ್ಲ.

ಅಲ್ಲಿಂದ ನನ್ನ ಭಾನುವಾರಗಳು ಹಾಳಾದವು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಅವರಿಗೆ ಒಂದೂವರೆ ತಾಸು ಬಿಡುವು. ಅಷ್ಟರಲ್ಲಿ ಲೋಕಲ್ ಹಿಡಿದು ಘಾಟ್ಕೋಪರಿಗೆ ಹೋಗಿ, ಅಳೆದು, ಜಗಳವಾಡಿ, ಮರಳಬೇಕು. ರೈಲಿನ ಡಬ್ಬಿ ಪೂರ್ತಿ ಖಾಲಿ ಇದ್ದರೂ ಅವರು ಬಾಗಿಲಲ್ಲೇ ನಿಲ್ಲುತ್ತಿದ್ದರು. "ಕೂಡ್ರಿ ಭಟ್ಟರ" ಎಂದರೆ, "ಈಗ ಇಳಿಯುದಲ್ವಾ" ಎನ್ನುತ್ತಿದ್ದರು. ಅವರು ಕೂರದೆ ನಾನೊಬ್ಬನೇ ಕೂತಿರಲಿಕ್ಕೆ ಆಗದೆ ನಾನೂ ನಿಲ್ಲುತ್ತಿದ್ದೆ.

ಏಳು ಸಲ ಬರೆದೆ. ಒಲೆ ಪೂರ್ವಕ್ಕಿರಬೇಕೆಂದು ಊರಿನಿಂದ ಕಾರ್ಡು ಬಂತು, ತಿರುಗಿಸಿದೆ. ಅರೆಯುವ ಕಲ್ಲು ಕಿಟಕಿಯ ಬೆಳಕಿಗೆ ಬರಬೇಕೆಂದರು, ಸರಿಸಿದೆ. ಹೊಸ ಮನೆಗಳಲ್ಲೆಲ್ಲ ನಿಂತು ಅಡಿಗೆ ಮಾಡುವ ಓಟಾ ಎಂಬ ಎತ್ತರದ ಕಟ್ಟೆ ಕಟ್ಟಿಸುತ್ತಿದ್ದ ಕಾಲ. ನಾನೂ ಸೊಂಟದೆತ್ತರಕ್ಕೆ ಒಂದನ್ನು ಚೆಂದವಾಗಿ ಬರೆದಿದ್ದೆ. ಭಟ್ಟರು ಬೆರಳಿನಿಂದಲೇ ಅದನ್ನು ಅಳಿಸಿ ಕಾಗದ ಕೊಳೆ ಮಾಡಿದರು.

"ನಿಂತು ನಿಂತು ನನಗೆ ಸಾಕಾಗಿದೆ. ಅವಳಾದರೂ ಕೂತು ಮಾಡ್ಲಿ."

ಪ್ರತಿ ನಕ್ಷೆಯ ಮೇಲೂ ಅವರದು ಒಂದೇ ತಕರಾರು. "ಒಲೆ ಬರೆದಿದ್ದೀರಿ, ಮೋರಿ ಬರೆದಿದ್ದೀರಿ. ಇಳಿಸುವ ಜಾಗ ಎಲ್ಲಿ?" ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಿ ಇಡುವ ಜಾಗ. ಒಲೆಯ ಬಲಕ್ಕೆ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಕಡಪಾ ಕಲ್ಲಿನ ಒಂದು ಚಪ್ಪಡಿ ಬೇಕು, ಅದರ ಮೇಲೆ ಯಾವತ್ತೂ ಏನೂ ಇಡಬಾರದು. ಆರಡಿ ಏಳಡಿಯಲ್ಲಿ ಎರಡಡಿ ಖಾಲಿ ಬಿಡುವುದೆಂದರೆ ನನಗೆ ಮೈ ಉರಿಯುತ್ತಿತ್ತು. ಗೋದಾಮು ಬರೆಯುವವನಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ.

ದುಡ್ಡು ಮುನ್ನೂರು ರೂಪಾಯಿ, ಇಂಗಿನ ಡಬ್ಬಿಯಲ್ಲಿತ್ತು. ಭಟ್ಟರ ಲೆಕ್ಕವೆಲ್ಲ ಬಾಯಲ್ಲೇ, ಅಡಿಗೆಗೆ ಸಾಮಾನು ಹೇಳಿದ ಹಾಗೆ: ಗೌಂಡಿಗೆ ಇಷ್ಟು, ಸಿಮೆಂಟಿಗೆ ಇಷ್ಟು, ಹಲಗೆಗೆ ಇಷ್ಟು, ಕಲ್ಲಿಗೆ ಇಷ್ಟು, ಒಂದು ಮಂಚಕ್ಕೆ ಇಷ್ಟು, ಕೊನೆಗೆ "ಒಗ್ಗರಣೆಗೆ" ಮೂವತ್ತು. ಒಗ್ಗರಣೆ ಎಂದರೆ ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂಬ ಹಣ. ಮುಂಗಡ ಇಸಿದುಕೊಂಡ ಗೌಂಡಿ ನೋಟು ಮೂಸಿ ನೋಡಿ ನನ್ನ ಮುಖ ನೋಡಿದ.

ಹೆಚ್ಚುಕಡಿಮೆ ಆಗಿಯೇ ಆಯಿತು. ಮೋರಿಯನ್ನು ಆಚೆ ಗೋಡೆಗೆ ಸರಿಸಲು ಅಗೆದಾಗ ಹಳೆಯ ಕೊಳವೆ ಒಡೆದಿದ್ದು ಕಂಡಿತು. ಕೆಳಗಿನ ಮನೆಯವರು ಮೇಲೆ ಬಂದು ತಮ್ಮ ಸೋರುವ ಸೂರಿನ ವಿಷಯ ಇಡೀ ಚಾಳಿಗೆ ಕೇಳುವಂತೆ ಹೇಳಿದರು. ಕೊಳವೆಗೆ ಒಗ್ಗರಣೆಯೂ ಹೋಯಿತು, ಮೇಲೆ ಇನ್ನೂ ನಲವತ್ತು ಬೇಕಾಯಿತು. ಪಟ್ಟಿಯಲ್ಲಿ ಏನಾದರೊಂದನ್ನು ಬಿಡಲೇಬೇಕು.

"ಆ ಕಲ್ಲು ಬಿಡ್ರಿ. ಪಾತ್ರೆ ಕೆಳಗ ಒಂದು ಸಿಂಬಿ ಇಟ್ರ ಆತು," ಎಂದೆ ನಾನು.

ಭಟ್ಟರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. ಅಂಗಿಯ ತೋಳು ಮೇಲೆ ಸರಿಸಿ ಎರಡೂ ಕೈ ನನ್ನ ಮೂಗಿನ ಹತ್ತಿರ ತಂದರು.

"ಇದು ಎಂತ ಅಂತ ಕೇಳಿದ್ರಾ ನೀವು? ಹಿಂದಿನ ಹೋಟೆಲಲ್ಲಿ ಕುದಿಯುವ ಸಾರು ಇಳಿಸಿ ತಿರುಗ್ತೇನೆ, ಇಡುವ ಜಾಗದಲ್ಲಿ ಯಾರೋ ಅಕ್ಕಿ ಮೂಟೆ ಇಟ್ಟಿದ್ದಾರೆ. ಹಿಡಿದ ಬಟ್ಟೆ ಜಾರಿತು. ಬಿಟ್ಟರೆ ಕೆಳಗೆ ಕೂತು ತಟ್ಟೆ ತೊಳೆಯುವ ಮುದುಕನ ತಲೆ ಮೇಲೆ. ಮೂಟೆ ಎಳೆಯುವವರೆಗೆ ಅಪ್ಪಿಕೊಂಡೇ ನಿಂತೆ. ಹೊತ್ತುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ರೇ. ಎಲ್ಲಿ ಇಳಿಸುದು ಅಂತ ಒಬ್ಬನೂ ಹೇಳುದಿಲ್ಲ."

ನನಗೆ ನಾಚಿಕೆಯಾಯಿತು. ಕಲ್ಲಿನ ಬದಲು ಅವರು ಮಂಚ ಬಿಟ್ಟರು.

ಡಿಸೆಂಬರಿನಲ್ಲಿ ಕೆಲಸ ಮುಗಿದು ಊರಿಗೆ ಕಾರ್ಡು ಹೋಯಿತು. ಮೂರು ವಾರ ಉತ್ತರವಿಲ್ಲ. ಆ ಮೂರು ವಾರ ಸಾಂಬಾರಿಗೆ ಒಮ್ಮೆ ಉಪ್ಪು ಇಲ್ಲ, ಒಮ್ಮೆ ಎರಡು ಸಲ. ದಿನಾ ಬಿಡುವಿನಲ್ಲಿ ಘಾಟ್ಕೋಪರಿಗೆ ಹೋಗಿ ಆ ಕಲ್ಲು ಒರೆಸಿ ಬರುತ್ತಿದ್ದರು. "ಬರುದಿಲ್ವೋ ಏನೋ" ಎಂದು ಪ್ರತಿ ದಿನ ನನ್ನ ಮೇಜಿನ ಮುಂದೆ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗುತ್ತಿದ್ದರು. ನಾಲ್ಕನೆಯ ವಾರ ಆಕೆ ಕಾರ್ಡು ಬರೆಯಲಿಲ್ಲ, ತಾವೇ ಬಂದರು.

ಮರುದಿನದ ಊಟಕ್ಕೆ ನನ್ನನ್ನೂ ಕರೆದಿದ್ದರು. ಅಡಿಗೆ ಭಟ್ಟರದೇ. ಮೂರು ಜನಕ್ಕೆ ಎಷ್ಟು ಅಕ್ಕಿ ಎಂದು ಅವರ ಕೈಗೆ ತಿಳಿಯದೆ, ಆವತ್ತು ಆ ಮಹಡಿಯ ಎಲ್ಲ ಮನೆಗೂ ನಮ್ಮ ಅನ್ನವೇ ಆಯಿತು. ಆಕೆ ಮೋರಿ ನೋಡಿದರು, ಒಲೆಯ ದಿಕ್ಕು ನೋಡಿದರು, ಹಲಗೆಗಳನ್ನು ಮುಟ್ಟಿ ನೋಡಿದರು. ಭಟ್ಟರು ಹಿಂದೆ ಹಿಂದೆಯೇ ಇದ್ದರು. ಎಲ್ಲ ನೋಡಿ ಆಕೆ ನನ್ನ ಕಡೆ ತಿರುಗಿದರು.

"ಎಲ್ಲ ಚೆಂದ ಉಂಟು. ಇವರು ಊಟಕ್ಕೆ ಕೂರುದು ಎಲ್ಲಿ?"

ನಾನು ಸುತ್ತ ಕಣ್ಣಾಡಿಸಿದೆ. ಒಂದು ಕಡೆ ಅರೆಯುವ ಕಲ್ಲು, ಒಂದು ಕಡೆ ನೀರಿನ ಹಂಡೆ, ಅಕ್ಕಿ ಡಬ್ಬಿ, ಇದ್ದಿಲಿನ ಡಬ್ಬ, ನಡುವೆ ಆಕೆ ಕೂತು ಅಡಿಗೆ ಮಾಡುವಷ್ಟು ನೆಲ. ಏಳು ನಕ್ಷೆಗಳಲ್ಲಿ ಒಂದರಲ್ಲೂ ಒಂದು ಮಣೆಯ ಜಾಗ ಬಿಟ್ಟಿರಲಿಲ್ಲ. ನಿಂತು ಉಣ್ಣುವವರು ಹೇಳಿದ್ದು, ಹೋಟೆಲಿನಲ್ಲಿ ಉಣ್ಣುವವನು ಬರೆದದ್ದು.

"ನನಗೆ ಹೇಗೂ ಆಗ್ತದೆ. ಹೊರಗೆ..." ಎಂದರು ಭಟ್ಟರು.

"ಹೊರಗೆ ಎಲ್ಲಿ? ಚಪ್ಪಲಿ ಬಿಡುವಲ್ಲಿಯಾ?"

ಆಕೆ ಕಲ್ಲಿನ ಮೇಲಿದ್ದ ಸಾರಿನ ಪಾತ್ರೆಯನ್ನು ಆರಿದ ಒಲೆಗೆ ಎತ್ತಿಟ್ಟು, ಊರಿನಿಂದ ತಂದ ಹಲಸಿನ ಮಣೆಯನ್ನು ಆ ಕಲ್ಲಿನ ಮೇಲೆ ಹಾಕಿದರು. "ಅದು ಬಿಸಿ ಇಳಿಸುವ ಜಾಗ ಮಾರಾಯ್ತಿ," ಎಂದರು ಭಟ್ಟರು. "ಗೊತ್ತುಂಟು. ಕೂತ್ಕೊಳ್ಳಿ. ಆಮೇಲೆ ಒರೆಸಿದರಾಯ್ತು," ಎಂದರು ಆಕೆ. ಅವರು ಕೂತರು, ಉಪ್ಪು ತರಲು ಎದ್ದರು, ಕೂತರು, ನೀರಿಗೆ ಎದ್ದರು. ಆಕೆ ಭುಜದ ಮೇಲೆ ಕೈ ಇಟ್ಟ ಮೇಲೆ ಏಳಲಿಲ್ಲ. ಭಟ್ಟರು ಕೂತು ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ನಿಧಾನವಾಗಿ ಉಂಡರು. ನನಗೇಕೋ ಹೊಟ್ಟೆ ತಣ್ಣಗಾಯಿತು.

ಮುಂದೆ ನಾನು ಗೋದಾಮು ಬಿಟ್ಟು ಮನೆಗಳನ್ನೇ ಬರೆದೆ. ಸಿಕ್ಕಸಿಕ್ಕವರ ಅಡಿಗೆಮನೆಯಲ್ಲಿ ಎರಡಡಿ ಖಾಲಿ ಬಿಡಿಸಲು ಜಗಳವಾಡಿದ್ದೇನೆ. ಊಟಕ್ಕೆ ಯಾರು ಎಲ್ಲಿ ಕೂರುತ್ತೀರಿ ಎಂದು ಕೇಳದೆ ಪೆನ್ಸಿಲ್ ಮುಟ್ಟಿಲ್ಲ. ಆ ಎರಡು ಪ್ರಶ್ನೆಗಳೇ ನನ್ನ ವಿದ್ಯೆ; ಉಳಿದದ್ದು ಬರೀ ಗೆರೆ.

ಅವರಿಬ್ಬರಿಗೆ ಸಿಕ್ಕಿದ್ದು ಮೂರು ವರ್ಷ. ಒಂದು ಬೆಳಿಗ್ಗೆ ಹೋಟೆಲಿನ ಒಲೆಯ ಮುಂದೆ, ನಿಂತಲ್ಲೇ ಭಟ್ಟರು ಹೋದರು. ಹದಿಮೂರನೆಯ ದಿನ ಕಳೆದ ಮೇಲೆ ನಾನು ಘಾಟ್ಕೋಪರಿಗೆ ಹೋದೆ. ಆಕೆ ಕಲ್ಲು ಒರೆಸಿ, ಅದೇ ಮಣೆ ಹಾಕಿ, ಎಲೆ ಇಟ್ಟರು. ನಾನು ಹಲಗೆಯ ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ.

"ಅಲ್ಲಿ ಬ್ಯಾಡ ಅಕ್ಕಾರ. ಅದು ಅವರ ಜಾಗ."

"ಇಳಿಸಲಿಕ್ಕೆ ಅಂತ ಅವರೇ ಮಾಡಿಸಿದ್ದಲ್ವಾ?" ಎಂದರು ಆಕೆ. "ಎಷ್ಟು ಹೊತ್ತು ಹಿಡ್ಕೊಂಡು ನಿಲ್ತೀರಿ? ಬನ್ನಿ, ಕೂತ್ಕೊಳ್ಳಿ."

ಕೂತೆ. ಅವರು ಅನ್ನ ಬಡಿಸುವ ಮೊದಲೇ ಅತ್ತುಬಿಟ್ಟೆ.